ವಿಮಾನವನ್ನು ಹಿಂದಿರುಗಿಸಿದ ಹುಳು

೨೦೧೩ರ ನವೆಂಬರ್ ತಿಂಗಳು. ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಿಂದ ಮೇಲೇರಿದ ಏರ್‌ಬಸ್ ವಿಮಾನವೊಂದು, ವೇಗಸೂಚಕವು ಕೆಟ್ಟುದರಿಂದ ಹಿಂದಿರುಗಿ ಕೆಳಗಿಳಿಯಬೇಕಾಯಿತು. ಪರೀಕ್ಷಿಸಿ ನೋಡಿದರೆ, ಗಾಳಿಯ ಒತ್ತಡದಿಂದ ವೇಗವನ್ನಳೆಯುವ ‘ಪಿಟೋ’ ನಳಿಕೆಯಲ್ಲಿ ಕಣಜದ ಹುಳುವಿನ ಮಣ್ಣಿನ ಗೂಡು! ವಿಮಾನವು ನೆಲದ ಮೇಲೆ ನಿಂತಿದ್ದುದು ಸುಮಾರು ಎರಡು ಗಂಟೆಗಳ ಕಾಲ ಮಾತ್ರ.

ಕಟ್ಟಿದ ಹುಳು ಯಾವುದು? ಉತ್ತರ ಸುಲಭವಲ್ಲ. ಒಂಟಿಯಾಗಿ ಬಾಳುವ ಈ ಬಗೆಯ ಕಣಜದ ಹುಳುಗಳಲ್ಲಿ ಹೆಣ್ಣು ಸಿದ್ಧವಾದ ರಂಧ್ರವೊಂದನ್ನು ಹುಡುಕಿ, ಮೊಟ್ಟೆಯಿಟ್ಟು, ಕುಟುಕಿ ಮರಗಟ್ಟಿಸಿದ ಕಂಬಳಿಹುಳುಗಳನ್ನು ಮರಿಯ ಆಹಾರಕ್ಕೆಂದು ತುಂಬಿ, ಬಾಯನ್ನು ಕೆಸರಿನಿಂದ ಮುಚ್ಚಿ ಹೊರಟುಹೋಗುತ್ತದೆ. ಕೆಸರಿನ ಬಿರಡೆ ಕಟ್ಟಿದವರ ಹೆಸರು ಹೇಳದು. ಹುಳುವೇ ಕೈಗೆ ಸಿಕ್ಕರೂ ಬಣ್ಣವನ್ನು ನಂಬುವಂತಿಲ್ಲ. ಕಪ್ಪು ಮೈ, ಹಳದಿ ಪಟ್ಟೆ ಹಲವು ಜಾತಿಗಳ ಸಮಾನ ಉಡುಪು. ಉದರದ ಮೊದಲ ಖಂಡದ ಆಕಾರವೇ ಮೊದಲಾದ ಕಿರು ಗುರುತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ನಿರ್ಣಯಿಸಬೇಕು.

ಸಂಶೋಧಕರು ಬ್ರಿಸ್ಬೇನ್ ವಿಮಾನನಿಲ್ದಾಣದಲ್ಲಿ ಕೃತಕ ನಳಿಕೆಗಳನ್ನಿಟ್ಟು ೩೯ ತಿಂಗಳು ಕಾದರು. ೯೩ ಸಲ ನಳಿಕೆಗಳು ಪೂರ್ತಿಯಾಗಿ ಮುಚ್ಚಿಹೋದವು. ೨೦೨೦ರಲ್ಲಿ ಪ್ರಕಟವಾದ ಅವರ ತೀರ್ಮಾನದಂತೆ, ಕಟ್ಟಿದುದೆಲ್ಲ ಒಂದೇ ಜಾತಿ: ಅಮೆರಿಕ ಖಂಡದ ಉಷ್ಣಪ್ರದೇಶದಿಂದ ವಲಸೆ ಬಂದ ‘ಪಾಕೊಡೈನೆರಸ್ ನಾಸಿಡೆನ್ಸ್’. ಬೀಗದ ಕಂಡಿಯನ್ನೂ ಬಿಡದೆ ಗೂಡು ಮಾಡುವುದರಿಂದ ಆ ಕಂಡಿಯ ಹೆಸರಿನಿಂದಲೇ ಜನ ಅದನ್ನು ಕರೆಯುತ್ತಾರೆ.

ಹೆಸರು ತಿಳಿದ ಮೇಲೆ ನಡತೆಯೂ ತಿಳಿಯಿತು. ಮೂರು ಮಿಲಿಮೀಟರಿಗಿಂತ ಅಗಲವಾದ ಬಾಯಿ ಅದಕ್ಕೆ ಪ್ರಿಯ. ಬೇಸಿಗೆ ಅದರ ಸುಗ್ಗಿ. ವಿಮಾನವು ಇಳಿದೊಡನೆ ನಳಿಕೆಗೆ ಮುಸುಕು ಹಾಕುವ ಎಚ್ಚರ ಅಲ್ಲಿ ಎಷ್ಟು ಅಗತ್ಯವೆಂಬುದು ಇದರಿಂದ ಸ್ಪಷ್ಟ. ನೂರಾರು ಪ್ರಾಣಗಳ ಕ್ಷೇಮವು ಕೆಲವೊಮ್ಮೆ ಕಿರಿಯದೊಂದು ಹುಳುವಿನ ಸರಿಯಾದ ಪರಿಚಯವನ್ನು ಅವಲಂಬಿಸಿರುತ್ತದೆ.