ದಿ ಬಾಕ್ಸ್ ಸೆಟ್ ೧೯೬೪–೨೦೦೪
ದಿ ಬಾಕ್ಸ್ ಸೆಟ್ ೧೯೬೪–೨೦೦೪ ಐರ್ಲೆಂಡಿನ ಹಿರಿಯ ಜನಪದ ಗಾಯಕ ಕ್ರಿಸ್ಟಿ ಮೂರ್ ಅವರ ಧ್ವನಿಮುದ್ರಣಗಳ ಸಂಕಲನ. ಆರು ಸಿ.ಡಿ.ಗಳ ಈ ಸಂಪುಟವು ೨೦೦೪ರಲ್ಲಿ ಬಿಡುಗಡೆಯಾಯಿತು.

ಕಿಲ್ಡೇರ್ ಕೌಂಟಿಯ ನ್ಯೂಬ್ರಿಡ್ಜ್‌ನಲ್ಲಿ ೧೯೪೫ರಲ್ಲಿ ಜನಿಸಿದ ಮೂರ್, ಪ್ಲಾಂಕ್ಸ್‌ಟಿ ಹಾಗೂ ಮೂವಿಂಗ್ ಹಾರ್ಟ್ಸ್ ತಂಡಗಳ ಸ್ಥಾಪಕ ಸದಸ್ಯರಲ್ಲೊಬ್ಬರು. ಗಿಟಾರನ್ನೂ ಬೌರಾನ್ ಎಂಬ ಚರ್ಮವಾದ್ಯವನ್ನೂ ನುಡಿಸುತ್ತಾರೆ.

ಜನಪ್ರಿಯ ಗೀತೆಗಳನ್ನಷ್ಟೇ ಒಟ್ಟುಗೂಡಿಸುವ ಸಂಕಲನಗಳಿಗಿಂತ ಇದು ಭಿನ್ನ. ನಾಲ್ಕು ದಶಕಗಳ ಅಪ್ರಕಟಿತ ಹಾಗೂ ಅಪರೂಪದ ಧ್ವನಿಮುದ್ರಣಗಳು, ಕರಡು ಮುದ್ರಣಗಳು ಮತ್ತು ಕಛೇರಿಗಳಲ್ಲಿ ಹಾಡಿದ ರೂಪಗಳು ಇದರಲ್ಲಿವೆ. ಜನಪದ ಗೀತೆಗೆ ಒಂದೇ ಸ್ಥಿರ ಪಾಠವಿರುವುದಿಲ್ಲ. ಹಾಡುವವರ ಬಾಯಲ್ಲಿ ಅದು ಬದಲಾಗುತ್ತ ಸಾಗುತ್ತದೆ. ಸ್ಟುಡಿಯೊದ ಅಂತಿಮ ಮುದ್ರಣವನ್ನು ಮಾತ್ರ ಉಳಿಸಿಕೊಂಡರೆ ಆ ಬದಲಾವಣೆಯ ಜಾಡು ಅಳಿಸಿಹೋಗುತ್ತದೆ. ಅಂತಹ ನಡುವಿನ ರೂಪಗಳನ್ನು ಕೇಳುಗರಿಗೆ ದೊರಕಿಸಿರುವುದೇ ಈ ಸಂಕಲನದ ಮಹತ್ವ.