ಚಳಿಗಾಲದ ಕುದುರೆ ಸವಾರಿಯಲ್ಲಿ ಪಾದರಕ್ಷಣೆ

ಬೆಂಗಳೂರಿನಲ್ಲಿ ದಾಖಲೆಯಾಗಿರುವ ಅತ್ಯಂತ ಕಡಮೆಯ ಉಷ್ಣತೆ 7.8 ಡಿಗ್ರಿ ಸೆಂಟಿಗ್ರೇಡ್. ಅದು 1884ನೆಯ ಇಸವಿಯ ಜನವರಿ ತಿಂಗಳಿನ ಮಾತು. ಇಂಥ ಸೌಮ್ಯವಾದ ಹವೆಯಲ್ಲಿ ಬಾಳುವ ನಮಗೆ, ಕುದುರೆಯ ಮೇಲೆ ಸುಖವಾಗಿ ಕುಳಿತವನ ಕಾಲು ಚಳಿಗೆ ಮರಗಟ್ಟಿ, ಕಡೆಗೆ ಬೆರಳುಗಳನ್ನೇ ಕತ್ತರಿಸಬೇಕಾಗಿ ಬರುವುದೂ ಉಂಟೆಂದರೆ ಆಶ್ಚರ್ಯವಾದೀತು. ಆದರೆ ಹಿಮದ ನಾಡುಗಳಲ್ಲಿ ಇದು ಬರಿಯ ಕಥೆಯಲ್ಲ. ಮಂಗೋಲಿಯದ ರಾಜಧಾನಿಯಾದ ಉಲಾನ್‌ಬಾತರ್‌ನಲ್ಲಿ ಜನವರಿಯ ರಾತ್ರಿಯ ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಕೆಳಕ್ಕೆ ಇಳಿಯುವುದು ಅಪರೂಪವೇನೂ ಅಲ್ಲ. ಅಂಥ ಚಳಿಯಲ್ಲಿಯೂ ಅಲ್ಲಿನ ಕುರಿಗಾಹಿಯು ಕುದುರೆಯನ್ನೇರಿ ತನ್ನ ಮಂದೆಯ ಹಿಂದೆ ಹೋಗಲೇಬೇಕು. ಅವನು ಪಾದಗಳನ್ನು ಕಾಪಾಡಿಕೊಳ್ಳುವ ಬಗೆ ಹೇಗೆ, ಅದರ ಹಿಂದಿರುವ ಶಾಸ್ತ್ರವೇನು ಎಂಬುದನ್ನು ಈಗ ವಿಚಾರಮಾಡೋಣ.

ಮೊದಲನೆಯದಾಗಿ, ನಡೆಯುವವನಿಗಿಂತ ಸವಾರನ ಕಾಲೇ ಬೇಗ ತಣ್ಣಗಾಗುವುದೇಕೆ? ನಡೆಯುವಾಗ ಮೀನಖಂಡದ ಸ್ನಾಯುಗಳು ಹೆಜ್ಜೆ ಹೆಜ್ಜೆಗೂ ಬಿಗಿದು ಸಡಲಿ, ಪಾದಕ್ಕೆ ಇಳಿದ ರಕ್ತವನ್ನು ಹೃದಯದ ಕಡೆಗೆ ಹಿಂದಕ್ಕೆ ನೂಕುತ್ತಿರುತ್ತವೆ. ಸ್ನಾಯು ದುಡಿದಲ್ಲಿ ಶಾಖವೂ ಹುಟ್ಟುತ್ತದೆ. ಸವಾರನಾದರೋ ಮೊಣಕಾಲನ್ನು ಮಡಿಸಿ, ಪಾದವನ್ನು ಒಂದೇ ನಿಲುವಿನಲ್ಲಿ ಇಟ್ಟು ಗಂಟೆಗಟ್ಟಲೆ ಕುಳಿತಿರುತ್ತಾನೆ. ಕುದುರೆಯ ಮೈ ಸುಮಾರು 38 ಡಿಗ್ರಿಯಷ್ಟು ಬೆಚ್ಚಗಿರುವುದರಿಂದ ಅವನ ತೊಡೆಗೂ ಮೀನಖಂಡಕ್ಕೂ ಅದರ ಆಸರೆ ಸ್ವಲ್ಪ ದೊರೆಯುತ್ತದೆ. ಪಾದ ಮಾತ್ರ ಆ ಆಸರೆಗೆ ಹೊರಗಾಗಿ ಗಾಳಿಯಲ್ಲಿ ತೂಗಾಡುತ್ತದೆ. ಕುದುರೆಯ ಕಾಲಿಗೆ ಈ ತೊಂದರೆ ಅಷ್ಟಾಗಿ ಇಲ್ಲ. ಅದರ ಮೊಣಕಾಲಿನ ಕೆಳಗೆ ಇರುವುದು ಬಹುಮಟ್ಟಿಗೆ ಎಲುಬು ಮತ್ತು ಸ್ನಾಯುರಜ್ಜುಗಳು. ಅವಕ್ಕೆ ಬೇಕಾದ ಶಾಖ ಅಲ್ಪ.

ಎರಡನೆಯದಾಗಿ, ನಮ್ಮ ದೇಹದ ಆಡಳಿತವನ್ನು ಗಮನಿಸಬೇಕು. ಬರಗಾಲದಲ್ಲಿ ಜಾಣನಾದ ಯಜಮಾನನು ಮನೆಯೊಳಗಿನವರಿಗೆ ಅನ್ನವನ್ನು ಉಳಿಸಲು ಹೊರಬಾಗಿಲಿನ ದಾನವನ್ನು ನಿಲ್ಲಿಸುವಂತೆ, ದೇಹವು ಚಳಿ ಹೆಚ್ಚಿದಾಗ ಹೃದಯ, ಶ್ವಾಸಕೋಶ, ಮೆದುಳುಗಳ ಉಷ್ಣವನ್ನು ಕಾಯ್ದುಕೊಳ್ಳುವುದಕ್ಕಾಗಿ ಕೈಕಾಲುಗಳ ಚರ್ಮದ ರಕ್ತನಾಳಗಳನ್ನು ಸಂಕೋಚಗೊಳಿಸುತ್ತದೆ. ಪಾದಕ್ಕೆ ಬರುವ ಬೆಚ್ಚನೆಯ ರಕ್ತ ಆಗ ಕಡಮೆಯಾಗುತ್ತದೆ. ಇದರಿಂದ ಹೊರಡುವ ನೀತಿಯೊಂದುಂಟು: ಪಾದವು ಬೆಚ್ಚಗಿರಬೇಕಾದರೆ ಪಾದವನ್ನು ಮಾತ್ರ ಹೊದಿಸಿದರೆ ಸಾಲದು. ಎದೆ, ಬೆನ್ನು, ಕುತ್ತಿಗೆ, ತಲೆಗಳನ್ನು ಚೆನ್ನಾಗಿ ಹೊದಿಸಬೇಕು; ಹೊರಡುವ ಮೊದಲು ಹೊಟ್ಟೆತುಂಬ ಉಣ್ಣಬೇಕು. ಒಳಮನೆ ತುಂಬಿದ್ದರೆ ಹೊರಬಾಗಿಲಿಗೂ ಪಾಲು ಬರುತ್ತದೆ.

ಮೂರನೆಯ ಶತ್ರು ರಿಕಾಪು; ಹಳಗನ್ನಡದವರು ಅಂಕವಣೆ ಎಂದು ಕರೆದದ್ದು. ಅದು ಸಾಮಾನ್ಯವಾಗಿ ಉಕ್ಕಿನದು. ಉಕ್ಕು ಮರಕ್ಕಿಂತ ನೂರಾರು ಪಾಲು ವೇಗವಾಗಿ ಉಷ್ಣವನ್ನು ಸಾಗಿಸುತ್ತದೆ. ಬೂಟಿನ ಅಟ್ಟೆ ತೆಳುವಾಗಿದ್ದರೆ, ಅಂಗಾಲಿನ ಶಾಖವನ್ನು ಅದು ಎಡೆಬಿಡದೆ ಹೀರುತ್ತಿರುತ್ತದೆ. ಇದರ ಜತೆಗೆ ಗಾಳಿಯುಂಟು. ಕುಕ್ಕುಲೋಟದಲ್ಲಿ ಓಡುವ ಕುದುರೆಯ ವೇಗ ಗಂಟೆಗೆ ಹದಿಮೂರು ಹದಿನೈದು ಕಿಲೋಮೀಟರು ಇರಬಹುದು. ಗಾಳಿಯೇ ಇಲ್ಲದ ದಿನವೂ ಸವಾರನು ತನ್ನ ಓಟದಿಂದಲೇ ಗಾಳಿಯನ್ನು ಹುಟ್ಟಿಸಿಕೊಳ್ಳುತ್ತಾನೆ. ಸೊನ್ನೆಗಿಂತ 10 ಡಿಗ್ರಿ ಕೆಳಗಿರುವ ಹವೆಯಲ್ಲಿ ಗಂಟೆಗೆ 15 ಕಿಲೋಮೀಟರು ವೇಗದ ಗಾಳಿ ಬೀಸಿದರೆ, ತೆರೆದ ಮುಖಕ್ಕೆ ಅದು ಸೊನ್ನೆಗಿಂತ 17 ಡಿಗ್ರಿ ಕೆಳಗಿನ ಚಳಿಯಂತೆ ತಗಲುತ್ತದೆ. ಬೂಟಿನ ಮೈಯಿಂದಲೂ ಗಾಳಿಯು ಉಷ್ಣವನ್ನು ಇದೇ ಬಗೆಯಾಗಿ ಒಯ್ಯುತ್ತದೆ.

ಇನ್ನು ಉಡುಪಿನ ವಿಷಯ. ಬೆಚ್ಚಗಿರಿಸುವುದು ಬಟ್ಟೆಯಲ್ಲ, ಬಟ್ಟೆಯ ಎಳೆಗಳ ನಡುವೆ ಕದಲದೆ ನಿಂತ ಗಾಳಿ. ಆದ್ದರಿಂದ, ಚಳಿಯೆಂದು ಎರಡು ಮೂರು ಕಾಲುಚೀಲಗಳನ್ನು ತೊಟ್ಟು, ಬಿಗಿಯಾದ ಬೂಟಿನೊಳಗೆ ಕಾಲನ್ನು ತುರುಕುವವನು ಎರಡು ಬಗೆಯಿಂದ ಕೆಡುತ್ತಾನೆ: ಗಾಳಿಗೆ ಎಡೆಯಿಲ್ಲ, ರಕ್ತಕ್ಕೆ ದಾರಿಯಿಲ್ಲ. ಒಳಗೆ ಬೆರಳುಗಳನ್ನು ಸರಾಗವಾಗಿ ಆಡಿಸಲು ಬರುವಷ್ಟು ಸಡಿಲವಾದ ಬೂಟು, ಅದರೊಳಗೆ ಉಣ್ಣೆಯ ಕಾಲುಚೀಲ, ಅಂಗಾಲಿಗೆ ಉಣ್ಣೆಯ ಮೆತ್ತೆ, ಇದು ಸರಿಯಾದ ಕ್ರಮ. ಉಣ್ಣೆಯೇ ಏಕೆಂದರೆ, ಅದು ತನ್ನ ತೂಕದ ಮೂರರಲ್ಲೊಂದು ಪಾಲಿನ ತೇವವನ್ನು ಹೀರಿಯೂ ಹಸಿಯೆನಿಸುವುದಿಲ್ಲ. ಹತ್ತಿಯ ಕಾಲುಚೀಲವು ಬೆವರಿನಲ್ಲಿ ನೆನೆದು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ನೀರು, ನಿಶ್ಚಲವಾದ ಗಾಳಿಗಿಂತ ಸುಮಾರು 24 ಪಾಲು ಹೆಚ್ಚಾಗಿ ಉಷ್ಣವನ್ನು ಸಾಗಿಸುವುದರಿಂದ, ಒದ್ದೆಯಾದ ಕಾಲುಚೀಲವು ಮಿತ್ರವೇಷದ ಶತ್ರು. ಕುದುರೆಗೆ ಜೀನು ಬಿಗಿಯುವ ಕೆಲಸವೆಲ್ಲ ಮುಗಿದ ಮೇಲೆ, ಹತ್ತುವ ಮುನ್ನ ಒಣಗಿದ ಚೀಲವನ್ನು ತೊಡುವುದು ಜಾಣತನ.

ಮಂಗೋಲಿಯದವರು ಈ ತತ್ತ್ವಗಳನ್ನು ಪುಸ್ತಕದಿಂದ ಕಲಿಯಲಿಲ್ಲ. ಅವರ ‘ಗುತಲ್’ ಎಂಬ ತೊಗಲಿನ ಬೂಟು ಅಗಲವಾದದ್ದು, ಮೂತಿ ಮೇಲಕ್ಕೆ ಬಾಗಿದ್ದು. ಅದರೊಳಗೆ ತೊಡುವುದು ನಮದಾದ ಚೀಲ. ಎಂದರೆ ಉಣ್ಣೆಯನ್ನು ನೇಯದೆ, ನೆನೆಸಿ ಒತ್ತಿ ಹದಮಾಡಿದ ದಪ್ಪ ಬಟ್ಟೆಯದು. ಚಿಲಿ ದೇಶದ ಸವಾರರು ಮರದಲ್ಲಿ ಕೊರೆದ, ಮುಂಗಾಲನ್ನು ಮುಚ್ಚುವ ರಿಕಾಪುಗಳನ್ನು ಮಾಡಿಕೊಂಡರು. ಮೆಕ್ಸಿಕೋ ಮತ್ತು ಅಮೆರಿಕದ ಪಶ್ಚಿಮ ಸೀಮೆಯ ದನಗಾಹಿಗಳು ರಿಕಾಪಿನ ಮುಂದೆ ತೊಗಲಿನ ಮುಸುಕನ್ನು ಕಟ್ಟಿ, ಮುಳ್ಳನ್ನೂ ಗಾಳಿಯನ್ನೂ ಒಟ್ಟಿಗೆ ತಡೆದರು. ಹಿಮಾಲಯದ ಗುಡ್ಡಗಾಡಿನವರು ಕಾಲಿಗೆ ಸುತ್ತುತ್ತಿದ್ದ ಉಣ್ಣೆಯ ಪಟ್ಟಿಯನ್ನು ಬ್ರಿಟಿಷ್ ಸೈನ್ಯವು ಹೆಸರಿನೊಡನೆಯೇ ಎರವಲು ಪಡೆಯಿತು. ಆದರೆ ಬಿಗಿಯಾಗಿ ಸುತ್ತಿದ ಪಟ್ಟಿಯು ನೆನೆದಾಗ ರಕ್ತಸಂಚಾರಕ್ಕೆ ಅಡ್ಡಿಯಾಗುವುದೆಂಬುದನ್ನು 1914ರಿಂದ 1918ರವರೆಗಿನ ಮಹಾಯುದ್ಧದ ಕಂದಕಗಳು ತೋರಿಸಿದವು.

ಇಲ್ಲಿ ಎಚ್ಚರಿಕೆಯ ಮಾತೊಂದಿದೆ. ಬೂಟು ದಪ್ಪವಾದಷ್ಟೂ ರಿಕಾಪಿನಲ್ಲಿ ಸಿಕ್ಕಿಕೊಳ್ಳುವ ಭಯ ಹೆಚ್ಚು. ಬಿದ್ದ ಸವಾರನ ಕಾಲು ಬಿಡದಿದ್ದರೆ ಬೆದರಿದ ಕುದುರೆ ಅವನನ್ನು ಎಳೆದುಕೊಂಡೇ ಓಡೀತು. ಚಳಿ ಬೆರಳನ್ನು ತೆಗೆದರೆ ಇದು ಪ್ರಾಣವನ್ನೇ ತೆಗೆದೀತು. ಆದುದರಿಂದ ಚಳಿಗಾಲದ ಬೂಟಿಗೆ ಅಗಲವಾದ ರಿಕಾಪು ಬೇಕು. ಎರಡು ಪಕ್ಕಗಳಲ್ಲಿಯೂ ಸ್ವಲ್ಪ ಎಡೆಯಿರಬೇಕು. ಬೂಟಿಗೆ ಹಿಮ್ಮಡಿ ಇರಲೇಬೇಕು. ಉಕ್ಕಿನ ಮೇಲೆ ತೊಗಲನ್ನೋ ಕಂಬಳಿಯ ಚೂರನ್ನೋ ಸುತ್ತಿದರೂ ಆ ಎಡೆ ಉಳಿದಿದೆಯೇ ಎಂದು ನೋಡಿಕೊಳ್ಳಬೇಕು.

ಇಷ್ಟೆಲ್ಲ ಮಾಡಿದರೂ ಉತ್ತಮವಾದ ಮದ್ದು ಖರ್ಚಿಲ್ಲದ್ದು: ಆಗಾಗ್ಗೆ ಇಳಿದು, ಲಗಾಮನ್ನು ಹಿಡಿದು, ಕುದುರೆಯ ಜತೆಯಲ್ಲಿ ನಡೆಯುವುದು. ಕುದುರೆಗೆ ವಿಶ್ರಾಂತಿ, ಸವಾರನಿಗೆ ಶಾಖ. ಮದ್ಯ ಬೆಚ್ಚಗಿರಿಸುತ್ತದೆಂಬ ನಂಬಿಕೆ ಹುಸಿ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಬೆಚ್ಚನೆಯ ಭ್ರಾಂತಿಯನ್ನು ಕೊಟ್ಟು, ಒಳಗಿನ ಉಷ್ಣವನ್ನು ಹೊರಕ್ಕೆ ಚೆಲ್ಲುತ್ತದೆ. ಹೊಗೆಸೊಪ್ಪು ನಾಳಗಳನ್ನು ಇನ್ನೂ ಸಂಕೋಚಗೊಳಿಸುತ್ತದೆ.

ಕಡೆಯದಾಗಿ, ಚಳಿ ಮೀರಿದರೆ ಮಾಡಬೇಕಾದುದೇನು? ಪಾದದ ನೋವಿಗೆ ಹೆದರಬೇಕಾಗಿಲ್ಲ. ನೋವು ತಾನಾಗಿ ನಿಂತುಹೋದಾಗ ಹೆದರಬೇಕು. ಬೆರಳು ಬಿಳಿಚಿಕೊಂಡು, ಗಟ್ಟಿಯಾಗಿ, ಸ್ಪರ್ಶವೇ ತಿಳಿಯದಂತಾದರೆ ಅಲ್ಲಿ ಹಿಮವು ಕಚ್ಚಿದೆಯೆಂದು ಅರ್ಥ. ನೆಪೋಲಿಯನ್ನನ ಶಸ್ತ್ರವೈದ್ಯ ಲಾರೆಯು 1807ರ ಐಲೌ ಯುದ್ಧದಲ್ಲಿ, ಮರಗಟ್ಟಿದ ಕಾಲನ್ನು ಬೆಂಕಿಗೆ ಹಿಡಿದವರ ಪಾದಗಳು ಕೊಳೆತುದನ್ನು ಕಂಡನು. ಅವನು ಕಂಡದ್ದು ನಿಜ. ಆದರೆ ಅದಕ್ಕೆ ಪರಿಹಾರವಾಗಿ ಹಿಮದಿಂದಲೇ ಉಜ್ಜಬೇಕೆಂದು ಅವನು ಹೇಳಿದ್ದು ತಪ್ಪು. ಅವನ ಹೆಸರಿನ ಬಲದಿಂದ ಆ ತಪ್ಪು ನೂರು ವರ್ಷಕ್ಕೂ ಮಿಕ್ಕಿ ಬಾಳಿತು. ಉಜ್ಜಿದರೆ ಹೆಪ್ಪುಗಟ್ಟಿದ ಮಾಂಸ ಹರಿದುಹೋಗುತ್ತದೆ. ಬೆಂಕಿಯಾದರೋ ಸ್ಪರ್ಶವಿಲ್ಲದ ಚರ್ಮವನ್ನು ತಿಳಿಯದಂತೆ ಸುಡುತ್ತದೆ. ಇಂದಿನ ವೈದ್ಯಶಾಸ್ತ್ರದ ಮಾರ್ಗವೇ ಬೇರೆ: ಆಶ್ರಯದ ಸ್ಥಳವನ್ನು ಸೇರಿ, ಒದ್ದೆಯ ಚೀಲವನ್ನು ತೆಗೆದು, ಪಾದವನ್ನು 37ರಿಂದ 39 ಡಿಗ್ರಿಯ ಹದವಾದ ಬಿಸಿನೀರಿನಲ್ಲಿ ಇಡುವುದು, ಬೇಗನೆ ವೈದ್ಯನನ್ನು ಕರೆಯುವುದು. ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ ಮಾತ್ರ ದಾರಿಯಲ್ಲಿ ಕರಗಿಸಬಾರದು. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ ಪಾದಕ್ಕೆ ಆಗುವ ಹಾನಿ ಮೊದಲಿನದಕ್ಕಿಂತ ಹೆಚ್ಚು.

ನಮ್ಮಲ್ಲಿ ಅನೇಕರು ಹಿಮದ ಮೇಲೆ ಸವಾರಿಮಾಡಲಾರರು. ಆದರೂ ರಕ್ತದ ಈ ನಿಯಮ ಎಲ್ಲ ನಾಡುಗಳಿಗೂ ಒಂದೇ. ಹಿಮಾಲಯದ ಯಾತ್ರೆಗೆ ತಟ್ಟುವಿನ ಮೇಲೆ ಹೊರಡುವ ವೃದ್ಧರಿಗೆ ಒಂದು ಜೊತೆ ಒಣಗಿದ ಉಣ್ಣೆಯ ಕಾಲುಚೀಲವನ್ನು ಮರೆಯದೆ ಕಟ್ಟಿಕೊಟ್ಟರೆ, ಮತ್ತು ನಡುನಡುವೆ ಇಳಿದು ನಾಲ್ಕು ಹೆಜ್ಜೆ ನಡೆಯಿರೆಂದು ಹೇಳಿಕಳುಹಿಸಿದರೆ, ಮಂಗೋಲಿಯದ ಕುರಿಗಾಹಿಯ ವಿವೇಕವು ನಮಗೂ ಉಪಯೋಗಕ್ಕೆ ಬಂದಂತಾಗುತ್ತದೆ.