ಬಿಲ್, ಫ್ರಾಂಕ್ ಮತ್ತು ಸ್ಟ್ರಾಬೆರಿ
2013ರ ‘ದಿ ಲಾಸ್ಟ್ ಆಫ್ ಅಸ್’ ವಿಡಿಯೋ ಗೇಮ್‌ನಲ್ಲಿ ಬಿಲ್ ಒರಟ, ಒಂಟಿ. ಅವನ ಸಂಗಾತಿ ಫ್ರಾಂಕ್ ಆಟಗಾರರ ಕಣ್ಣಿಗೆ ಬೀಳುವುದೇ ನೇಣಿಗೆ ಜೋತ ಹೆಣವಾಗಿ. ಬಿಟ್ಟುಹೋದ ಚೀಟಿಯಲ್ಲೂ ಬಿಲ್ ಮೇಲೆ ದ್ವೇಷದ ಮಾತು. ಅವರ ಪ್ರೀತಿ ಬರೀ ಸೂಚನೆಯಲ್ಲೇ ಮುಗಿಯುತ್ತದೆ. ಸಲಿಂಗಿ ಪಾತ್ರಕ್ಕೆ ದುರಂತವೇ ಗತಿ ಎಂಬ ಹಳೇ ಜಾಡು!

2023ರಲ್ಲಿ ಎಚ್‌ಬಿಒ ಈ ಗೇಮನ್ನು ಟಿವಿ ಸರಣಿಯಾಗಿಸಿತು. ಮೂರನೇ ಕಂತು ಹೆಚ್ಚೂಕಮ್ಮಿ ಪೂರ್ತಿ ಇವರಿಬ್ಬರದೇ. ಬಿಲ್‌ಗೆ ಗೊತ್ತಾಗದಂತೆ ಫ್ರಾಂಕ್ ಅವನದೇ ಒಂದು ಬಂದೂಕು ಕೊಟ್ಟು ಬೀಜ ತರಿಸಿ, ಸ್ಟ್ರಾಬೆರಿ ಬೆಳೆಸಿರುತ್ತಾನೆ. ಹಣ್ಣು ಬಾಯಿಗಿಟ್ಟ ಬಿಲ್ ಮಗುವಿನಂತೆ ಕಿಲಕಿಲ ನಗುತ್ತಾನೆ. ಎಷ್ಟು ಚಂದದ ದೃಶ್ಯ!

ಇಲ್ಲಿ ಇಬ್ಬರೂ ಸಾಯುತ್ತಾರೆ, ನಿಜ. ಆದರೆ ಅದಕ್ಕೂ ಮೊದಲು ಜೊತೆಯಾಗಿ ಬಾಳಿ, ಜಗಳವಾಡಿ, ಮುದುಕರಾಗುತ್ತಾರೆ. ಬಿಲ್ ಪಾತ್ರ ಮಾಡಿದ ನಿಕ್ ಆಫರ್‌ಮನ್‌ಗೆ ಇದೇ ಕಂತು ಎಮ್ಮಿ ಪ್ರಶಸ್ತಿ ತಂದುಕೊಟ್ಟಿತು.